ಕೊನೆಯ ಬೋಗಿ ದಾಟುವವರೆಗೆ

ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ನಾನು ಕೂತದ್ದು ಮೂರು ಸಲ. ಮೊದಲೆರಡು ಸಲವೂ ಗಣಿತ ನನಗೆ ಮಣ್ಣು ಮುಕ್ಕಿಸಿತ್ತು. ವಯಸ್ಸಿನ ಮಿತಿಯಿಂದಾಗಿ ಮೂರನೆಯದೇ ಕೊನೆ. ಕೂಡುವುದು, ಕಳೆಯುವುದು ನೀರು ಕುಡಿದಷ್ಟು ಸುಲಭ. ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ತಲೆಗೆ ಹೋಗುತ್ತಿರಲಿಲ್ಲ. ಅದರಲ್ಲೂ ರೈಲಿನ ಲೆಕ್ಕ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮುನ್ನೂರು ಮೀಟರ್ ಪ್ಲಾಟ್‌ಫಾರ್ಮ್ ದಾಟಲು ರೈಲಿಗೆ ಎಷ್ಟು ಹೊತ್ತು ಬೇಕು ಎಂದು ಕೇಳುವವರು ರೈಲಿನ ಉದ್ದವನ್ನೇಕೆ ಹೇಳಬೇಕು? ಅಧಿಕಪ್ರಸಂಗ ಎಂದುಕೊಂಡು ಅದನ್ನು ಬಿಟ್ಟೇ ಲೆಕ್ಕ ಮಾಡುತ್ತಿದ್ದೆ. ಹಾಗೆ ಬಂದ ತಪ್ಪು ಉತ್ತರ, ಕೊಟ್ಟ ನಾಲ್ಕರಲ್ಲಿ ಮೊದಲನೆಯದಾಗಿ ನನಗೇ ಕಾದು ಕೂತಿರುತ್ತಿತ್ತು. "ಎರಡು ಉದ್ದಾನೂ ಕೂಡಿಸ್ಬೇಕಮ್ಮಾ" ಎಂದು ವಿಜಯನಗರದ ಕೋಚಿಂಗ್ ಕ್ಲಾಸಿನ ಮೇಷ್ಟ್ರು ಹತ್ತು ಸಲ ಹೇಳಿದ್ದರು. ಯಾಕೆಂದು ತಿಳಿಯದ್ದನ್ನು ಮಾಡುವ ಜಾಯಮಾನ ನನ್ನದಲ್ಲ.

ಪರೀಕ್ಷೆಗೆ ವಾರವಿರುವಾಗ, ನಮ್ಮಲ್ಲಿಗೆ ಬಂದಿದ್ದ ಅಜ್ಜಿ ಮಂಡ್ಯಕ್ಕೆ ಹೊರಟಳು. ಅಮ್ಮನೂ ನಾನೂ ಕೆಂಗೇರಿ ಸ್ಟೇಷನ್ನಿಗೆ ಹೋಗಿ, ಎಂಜಿನ್ನಿನ ಹಿಂದಿನ ಬೋಗಿಗೇ ಹತ್ತಿಸಿದೆವು. ರೈಲು ಹೊರಟು, ಅಜ್ಜಿಯ ಕಿಟಕಿ ಪ್ಲಾಟ್‌ಫಾರ್ಮ್ ದಾಟಿತು. ಅಮ್ಮ ಮಾತ್ರ ಕೈ ಬೀಸುತ್ತಲೇ ಇದ್ದಳು. ಹಿಂದಿನ ಬೋಗಿಗಳಲ್ಲಿದ್ದ ಗುರುತು ಪರಿಚಯವಿಲ್ಲದವರೆಲ್ಲ ಖುಷಿಯಿಂದ ಅವಳಿಗೆ ಕೈ ಬೀಸಿದರು. ನನಗೋ ನಾಚಿಕೆ.

"ಸಾಕು ಬಾಮ್ಮಾ, ಅಜ್ಜಿ ಆಗ್ಲೇ ಹೋದ್ಲು."

"ಇರೇ, ರೈಲು ಇನ್ನೂ ಇಲ್ಲೇ ಇದೆಯಲ್ಲ! ಕೊನೇ ಬೋಗಿ ದಾಟ್ದೆ ಹೋಯ್ತು ಅಂತ ಹೆಂಗಂತೀಯ? ಕಳ್ಸೋಕೆ ಬಂದವ್ರು ಪೂರ್ತಿ ಕಳ್ಸಿ ಹೋಗ್ಬೇಕು ಕಣೇ."

ನಾನು ಬಾಯಿ ಬಿಟ್ಟು ನಿಂತೆ. ಎಂಜಿನ್ ದಾಟಿತ್ತು, ಬಾಲ ಇನ್ನೂ ನಮ್ಮೆದುರಿಗೇ ಇತ್ತು. ಆ ಬಾಲವೂ ಆಚೆ ಸೇರಬೇಕಾದರೆ ಎಂಜಿನ್ ಪ್ಲಾಟ್‌ಫಾರ್ಮಿನ ಜೊತೆಗೆ ರೈಲಿನ ಉದ್ದದಷ್ಟೂ ಓಡಲೇಬೇಕು! ಎಲ್ಲರೆದುರೇ ಅಮ್ಮನನ್ನು ತಬ್ಬಿಕೊಂಡೆ. "ಏನಾಯ್ತೇ ನಿಂಗೆ?" ಎಂದು ಗಾಬರಿಯಾದಳು.

ಪರೀಕ್ಷೆಯಲ್ಲಿ ರೈಲಿನ ಲೆಕ್ಕ ಬಂದೇ ಬಂತು. ಮೊದಲ ಉತ್ತರ ಎಂದಿನಂತೆ ಹಲ್ಲು ಕಿರಿಯಿತು. ಮನಸ್ಸಿನಲ್ಲೇ ಅಮ್ಮನ ಕೈ ಕೆಳಗಿಳಿಯುವವರೆಗೆ ಕಾದು, ಮೂರನೆಯದಕ್ಕೆ ಗುರುತು ಹಾಕಿದೆ.

ಕೆಲಸ ಸಿಕ್ಕಿತು, ಮೈಸೂರಿನಲ್ಲಿ. ಅದೇ ಸ್ಟೇಷನ್ನಿನಿಂದ ಹೊರಟೆ, ಅದೇ ಎಂಜಿನ್ ಹಿಂದಿನ ಬೋಗಿಯಲ್ಲಿ. ಪ್ಲಾಟ್‌ಫಾರ್ಮ್ ಮುಗಿಯಿತು, ಅಮ್ಮ ಕಾಣದಾದಳು. ಆದರೂ ಕಿಟಕಿಯಿಂದ ಕೈ ಬೀಸುವುದನ್ನು ನಿಲ್ಲಿಸಲಿಲ್ಲ.

"ಯಾರಿಗಮ್ಮಾ? ಸ್ಟೇಷನ್ ಹೋಯ್ತಲ್ಲ" ಎಂದರು ಎದುರು ಕೂತಿದ್ದ ಹೆಂಗಸು.

"ಇನ್ನೂ ಇಲ್ಲ ಆಂಟಿ" ಎಂದೆ.