ಮೂರನೇ ಲೈನಿನ ಮೇಲೆ ಬಿದ್ದ ಗರಿಗಳು

ದುಂಡಗಿನ ಅಕ್ಷರದಲ್ಲಿ ಬರೆದ ಸುಳ್ಳನ್ನು ಜನ ಬೇಗ ನಂಬುತ್ತಾರೆ. ಇದನ್ನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ; ನನ್ನ ಅಕ್ಷರ ಬಲು ದುಂಡಗಿದೆ.

ಎಂಬತ್ತರ ದಶಕದ ಆರಂಭದಲ್ಲಿ ನಾನು ತುರುವೇಕೆರೆ ಸೀಮೆಯ ಒಂದು ಪುಟ್ಟ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದೆ. ಲೈನು ಟ್ರಿಪ್ಪಾದಾಗ, ಅಂದರೆ ಎಲ್ಲೋ ಏನೋ ಕೆಟ್ಟು ಕರೆಂಟು ತಾನಾಗಿ ಕಡಿದುಹೋದಾಗ, ಅದನ್ನು ಲಾಗ್ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಯಾವ ಲೈನು, ಎಷ್ಟು ಹೊತ್ತಿಗೆ, ಹವೆ ಹೇಗಿತ್ತು, ಕಾರಣವೇನು. ಮೊದಲ ಮೂರಕ್ಕೆ ಮೀಟರು, ಗಡಿಯಾರ, ಕಿಟಕಿ ನೋಡಿದರೆ ಸಾಕು. ಕಾರಣ ತಿಳಿಯಬೇಕಾದರೆ ಮಾತ್ರ ಲೈನಿನುದ್ದಕ್ಕೂ ಮೈಲಿಗಟ್ಟಲೆ ನಡೆಯಬೇಕು. ಸ್ವಲ್ಪ ಹೊತ್ತು ಬಿಟ್ಟು ಸ್ವಿಚ್ಚು ಹಾಕಿದರೆ ಕರೆಂಟು ಮರಳಿ ಬರುತ್ತಿತ್ತು. ಬಂದ ಮೇಲೆ ನಡೆಯುವವರು ಯಾರು? ನಮ್ಮ ಕಡೆ ತಲೆಯೆತ್ತಿದರೆ ತೆಂಗು. 'ತೆಂಗಿನ ಗರಿ ಬಿದ್ದು' ಎಂದು ಬರೆದು ನಾನು ಟೀ ಕುಡಿಯಲು ಹೋಗುತ್ತಿದ್ದೆ.

ಇದು ನನ್ನೊಬ್ಬನ ರೋಗವೇನಲ್ಲ. ಹಳೆಯ ಪಂಡಿತರು ಮನುಷ್ಯನ ಸಕಲ ಬಾಧೆಗಳನ್ನೂ ವಾತ, ಪಿತ್ತ, ಕಫ ಎಂದು ಮೂರು ಗುಂಪು ಮಾಡಿದರು. ಜೋಯಿಸರಿಗೆ ಒಂಬತ್ತು ಗ್ರಹಗಳು ಬೇಕಾದವು. ನನ್ನ ಅತ್ತೆಯವರು ಮಾತ್ರ ತಲೆನೋವಿನಿಂದ ಹಿಡಿದು ಹಾಲು ಒಡೆಯುವವರೆಗೆ ಎಲ್ಲವನ್ನೂ ದೃಷ್ಟಿ ಎಂಬ ಒಂದೇ ಗುಂಪಿಗೆ ಹಾಕುತ್ತಿದ್ದರು. ನಾನು ಅತ್ತೆಯ ಪಂಥದವನು.

ಮೂರನೇ ಲೈನು ಪದೇ ಪದೇ ಟ್ರಿಪ್ಪಾಗುತ್ತಿತ್ತು. ಮೇಲಿನ ಆಫೀಸಿನಲ್ಲಿ ಯಾರೋ ನನ್ನ ಪುಸ್ತಕ ತಿರುವಿ, ಪುಟಕ್ಕೊಂದು ಗರಿ ಕಂಡು, ಆ ಲೈನಿಗೆ ಹತ್ತಿರವಿದ್ದ ಮರಗಳನ್ನು ಕಡಿಸಲು ಆಜ್ಞೆ ಮಾಡಿದರು. ಪಕ್ಕದ ತೋಟ ಗೌರಮ್ಮನವರದು. ಗಂಡ ತೀರಿಕೊಂಡ ಮೇಲೆ ಹತ್ತು ಹನ್ನೆರಡು ಮರಗಳಲ್ಲಿ ಸಂಸಾರ ತೂಗಿಸುತ್ತಿದ್ದ ಹೆಂಗಸು. ಅದರಲ್ಲಿ ಗೊನೆ ತುಂಬ ಕಾಯಿದ್ದ ನಾಲ್ಕು ಮರ ಉರುಳಿದವು. ಅಂದು ಅಲ್ಲಿದ್ದ ಲೈನ್‌ಮನ್ ಸಿದ್ದಪ್ಪ ಬಂದು ನನಗೆ ಹೇಳಿದ: "'ಒಂದ್ ಸಲಾನೂ ಗರಿ ತಂತಿ ಮ್ಯಾಲೆ ಬಿದ್ದಿದ್ದು ನಾನ್ ಕಂಡಿಲ್ಲ ಕಣಪ್ಪ' ಅಂತ ಅತ್ರು ಸಾರ್. ಬುಕ್ಕಲ್ಲಿ ಬರ್ದೈತಲ್ಲಮ್ಮ ಅಂದೆ. ಸುಮ್ನಾಗ್ಬುಟ್ರು."

ಗರಿ ಬಿದ್ದದ್ದನ್ನು ನಾನೂ ಕಂಡಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಇದಕ್ಕಿಂತ ನಾಚಿಕೆಗೇಡಿನ ಸಂಗತಿ ಮುಂದಿದೆ. ಮರ ಹೋದ ಮೇಲೂ ಮೂರನೇ ಲೈನು ಟ್ರಿಪ್ಪಾಯಿತು, ನಾನು ಕೈ ರೂಢಿಯಿಂದ ಅದೇ ದುಂಡು ಅಕ್ಷರದಲ್ಲಿ 'ತೆಂಗಿನ ಗರಿ ಬಿದ್ದು' ಎಂದೇ ಬರೆದೆ. ಒಂದಲ್ಲ, ಎರಡು ಸಲ.

ಆಗಷ್ಟೇ ವರ್ಗವಾಗಿ ಬಂದಿದ್ದ ಎಂಜಿನಿಯರು ಆ ಪುಟದ ಮೇಲೆ ಬೆರಳಿಟ್ಟು, "ಅಲ್ರೀ, ಕಡಿದು ಹಾಕಿದ ಮರದಿಂದ ಗರಿ ಹೇಗ್ರೀ ಬೀಳುತ್ತೆ?" ಎಂದರು. ಅವರು ಬೈಯಲಿಲ್ಲ. ಎರಡು ವರ್ಷದ ಟ್ರಿಪ್ಪುಗಳನ್ನೆಲ್ಲ ಬೇರೆ ಹಾಳೆಗೆ ಇಳಿಸಿ ಗುಂಪು ಮಾಡಲು ಹೇಳಿದರು. "ಕಾರಣದ ಕಾಲಂ ಮುಚ್ಚಿಟ್ಟುಬಿಡಿ. ಮಿಕ್ಕಿದ್ದು ನೋಡಿ."

ಗೆರೆ ಹೊಡೆದು ಕೂತೆ. ಹೊತ್ತು ಮತ್ತು ಹವೆಯನ್ನು ನಾನು ಕಣ್ಣಾರೆ ನೋಡಿ ಬರೆದಿದ್ದೆ. ಅವೆರಡೂ ಸೇರಿ ನನ್ನ ವಿರುದ್ಧ ಸಾಕ್ಷಿ ಹೇಳಿದವು. ಮೂರನೇ ಲೈನಿನ ಟ್ರಿಪ್ಪುಗಳೆಲ್ಲ ಹೆಚ್ಚುಕಮ್ಮಿ ಬೆಳಿಗ್ಗೆಯವೇ. ಎಲ್ಲದರ ಮುಂದೆಯೂ ಇಬ್ಬನಿ, ಇಲ್ಲವೇ ತುಂತುರು. ಗಾಳಿ ಜೋರಾಗಿದ್ದ ದಿನ, ಅಂದರೆ ಗರಿ ನಿಜಕ್ಕೂ ಬೀಳುವ ದಿನ, ಒಂದೂ ಇಲ್ಲ. ಎಂಜಿನಿಯರು ಹಾಳೆ ನೋಡಿ ಸಿದ್ದಪ್ಪನನ್ನು ಕಂಬ ಹತ್ತಿಸಿದರು. ಗೌರಮ್ಮನವರ ತೋಟದಿಂದ ಎಷ್ಟೋ ಕಂಬ ಆಚೆ, ತಂತಿಯನ್ನು ಕಂಬಕ್ಕೆ ತಾಗದಂತೆ ಹೊತ್ತ ಪಿಂಗಾಣಿಯಲ್ಲಿ ಕೂದಲಿನಂಥ ಬಿರುಕು ಸಿಕ್ಕಿತು. ಅದರೊಳಕ್ಕೆ ತೇವ ಇಳಿದಾಗ ಕರೆಂಟು ಸೋರುತ್ತಿತ್ತು, ಬಿಸಿಲಿಗೆ ಒಣಗಿದರೆ ಸರಿಹೋಗುತ್ತಿತ್ತು. ಪಿಂಗಾಣಿ ಬದಲಾಯಿಸಲು ಅರ್ಧ ಗಂಟೆ ಸಾಕಾಯಿತು.

ಮಾರನೆಯ ದಿನ ಗೌರಮ್ಮನವರ ತೋಟಕ್ಕೆ ಹೋದೆ. ನನ್ನ ಖಾಕಿ ಅಂಗಿ ಕಂಡದ್ದೇ ಆಕೆ ಕೈಲಿದ್ದ ಪೊರಕೆ ಬಿಟ್ಟು ಹತ್ತಿರದ ಮರಕ್ಕೆ ಬೆನ್ನು ಕೊಟ್ಟು ನಿಂತರು. "ಇನ್ಯಾವ್ ಮರ ಸ್ವಾಮಿ?"

ಭೂಮಿಗಿಳಿದು ಹೋಗಬಾರದೇ ಅನ್ನಿಸಿತು. "ಮರಕ್ಕೆ ಬಂದಿಲ್ಲ ಕಣಮ್ಮ. ತಪ್ಪು ನಂದು. ಗರಿ ಬಿದ್ದದ್ದು ನಾನು ನೋಡಿರಲಿಲ್ಲ. ಸುಮ್ಮನೆ ಬರೆದೆ" ಎಂದೆ.

ಆಕೆ ಬಗ್ಗಿ ಪೊರಕೆ ಎತ್ತಿಕೊಂಡರು. ಕೂಗಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ನೋಡ್ದೆ ಇದ್ರೆ ಗೊತ್ತಿಲ್ಲ ಅಂತ ಬರೀಬೇಕಾಗಿತ್ತಪ್ಪ. ಅಷ್ಟು ಬರ್ಯಾಕೆ ಬುಕ್ಕಲ್ಲಿ ಜಾಗ ಇರ್ನಿಲ್ವಾ?"

ಜಾಗ ಬೇಕಾದಷ್ಟಿತ್ತು.

ಅಂದಿನಿಂದ ನೋಡದಿದ್ದಾಗಲೆಲ್ಲ 'ಗೊತ್ತಿಲ್ಲ' ಎಂದು ಬರೆಯತೊಡಗಿದೆ. ಮುಂದಿನ ವರ್ಷ ಗುಂಪು ಮಾಡಿದಾಗ ಎಲ್ಲಕ್ಕಿಂತ ದೊಡ್ಡ ಗುಂಪು ಅದೇ ಆಯಿತು. ಎಂಜಿನಿಯರು ಕನ್ನಡಕ ತೆಗೆದು, "ಏನ್ರೀ, ನಿಮಗೆ ಏನೂ ಗೊತ್ತೇ ಆಗಲ್ವಾ?" ಎಂದರು. ಎಲ್ಲರೆದುರು ತಲೆ ತಗ್ಗಿಸಿ ನಿಂತೆ. ನಾಚಿಕೆಯೇನೋ ಆಯಿತು, ಆದರೆ ಈ ನಾಚಿಕೆಗಾಗಿ ಯಾರ ಮರವೂ ಬಿದ್ದಿರಲಿಲ್ಲ.