ಅಳೆಯದ ಬಲ ಮಗ್ಗಲು

ಸುಬ್ರಾಯ ಮೇಸ್ತ್ರಿಗಳೇ, ನಿಮ್ಮ ದೋಣಿಯ ಬಲ ಮಗ್ಗಲನ್ನು ನಾನು ಅಳೆಯಲೇ ಇಲ್ಲ. ಅಳೆದಿದ್ದೇನೆ ಎಂದು ಹೇಳಿದೆ — ಸಂಘದ ಎಲ್ಲರೆದುರು, ನಿಮ್ಮೆದುರೂ, ಕಣ್ಣು ಮಿಟುಕಿಸದೆ. ಮೂರು ವರ್ಷವಾಯಿತು.

ನನ್ನನ್ನು ನೀವು ಮರೆತಿರಲಾರಿರಿ. ಹೊನ್ನಾವರದ ನಕ್ಷೆ ಆಫೀಸಿನ ಮಂಜುನಾಥ. ಕಾಸರಕೋಡದ ದಂಡೆಯಲ್ಲಿ ನಿಮ್ಮ ಕೆಮ್ಮು, ಬೀಡಿ ಹಚ್ಚುವ ಗತ್ತು, ಎಲ್ಲವನ್ನೂ ನಿಮ್ಮ ಮುಖದೆದುರೇ ಅಣಕಿಸಿದವನು. ಯಾರನ್ನೂ ಬಿಟ್ಟವನಲ್ಲ ನಾನು. ನನ್ನ ಬಾತುಕೋಳಿ ನಡಿಗೆಯನ್ನೂ ಬಿಟ್ಟಿಲ್ಲ.

ಮೀನುಗಾರರ ಸಂಘಕ್ಕೆ ನಿಮ್ಮ ದೋಣಿಯಂಥವೇ ಆರು ದೋಣಿ ಬೇಕಿದ್ದವು. ನಿಮ್ಮಲ್ಲಿ ನಕ್ಷೆ ಎಲ್ಲಿಂದ ಬರಬೇಕು — ಇದ್ದದ್ದು ಕಣ್ಣಳತೆ, ನೂಲು, ಬೆರಳು. ಅದಕ್ಕೇ ನಮ್ಮ ಸಾಹೇಬರು ಮುಂಬಯಿಯಿಂದ ತರಿಸಿದ ಹೊಸ ಕಂಪ್ಯೂಟರಿನಲ್ಲಿ ದೋಣಿಯನ್ನು ಮೂಡಿಸುವುದು, ಆ ನಕ್ಷೆ ಹಿಡಿದು ಭಟ್ಕಳದಲ್ಲಿ ಒಂದನ್ನು ಕಟ್ಟಿ ನೋಡುವುದು, ಸರಿಬಂದರೆ ಉಳಿದ ಐದನ್ನು ನೀವೇ ಕಟ್ಟುವುದು ಎಂದು ಮಾತಾಗಿತ್ತು.

ದೋಣಿಯ ಮೈಮೇಲೆ ಸೀಮೆಸುಣ್ಣದ ಚುಕ್ಕಿ. ಒಂದೊಂದು ಚುಕ್ಕಿಗೂ ಮೂರು ಅಳತೆ — ಮೂತಿಯಿಂದ ಎಷ್ಟು ಹಿಂದೆ, ನಡುಗೆರೆಯಿಂದ ಎಷ್ಟು ಆಚೆ, ನೆಲದಿಂದ ಎಷ್ಟು ಮೇಲೆ. ಅಂಕೆಗಳನ್ನು ಕಂಪ್ಯೂಟರಿಗೆ ಕೊಟ್ಟು, ಚುಕ್ಕಿಗೆ ಚುಕ್ಕಿ ಸೇರಿಸಿ ನಾಲ್ಕು ಮೂಲೆಯ ತುಂಡುಗಳನ್ನು ಮಾಡುತ್ತ ಹೋದರೆ ಪರದೆಯ ಮೇಲೆ ದೋಣಿಯಾಕಾರದ ಬಲೆಯೊಂದು ಏಳುತ್ತದೆ. ಎಡ ಮಗ್ಗಲು ಮುಗಿಯುವಾಗ ಮಧ್ಯಾಹ್ನ. ಬಲಕ್ಕೆ ಹೊರಟವನನ್ನು ಮೀನು ಒಣಗಿಸುವ ಹೆಂಗಸರು ಕರೆದರು.

“ಏ ತಮಾ, ನಿಮ್ ಸಾಯ್ಬರು ಇಂಗ್ಲಿಷ್ ಮಾತಾಡೂದು ಒಂದ್ಸಲ ಮಾಡಿ ತೋರ್ಸು ನೋಡ್ವಾ.”

ತೋರಿಸಿದೆ. ನಕ್ಕರು. ಇನ್ನೊಂದು ಮಾಡಿದೆ. ಬಸ್ಸಿನ ಹೊತ್ತಾಯಿತು.

ನೀವು ಬೆಳಿಗ್ಗೆಯೇ ಹೇಳಿದ್ದಿರಿ: “ತಮಾ, ಎರಡೂ ಮಗ್ಗಲು ಅಳೀಬೇಕು. ಬಲೆ ಎಳ್ಯೂ ಬದಿ ಬ್ಯಾರೆ ಅದೆ.” ನಾನು ನಿಮ್ಮದೇ ಧ್ವನಿ ತೆಗೆದು “ಆತು, ಆತು” ಎಂದಿದ್ದೆ. ಬಲೆ ಎಳೆಯುವಾಗ ಜನವೆಲ್ಲ ಬಲ ಮಗ್ಗಲಲ್ಲೇ ನಿಲ್ಲುತ್ತಾರೆ, ಭಾರವೂ ಅಲ್ಲೇ ಬೀಳುತ್ತದೆ. ಅದನ್ನು ತಾಳಲೆಂದು ಆ ಬದಿಯನ್ನು ನೀವು ಮೂರು ಬೆರಳು ಉಬ್ಬಿಸಿ ಕಟ್ಟುತ್ತೀರಿ. ಗೊತ್ತಿರಲಿಲ್ಲ ಎನ್ನಲಾರೆ. ದೋಣಿ ನೂಕಿಯೇ ಬೆಳೆದವನು ನಾನು.

ಮರುದಿನ ಕಂಪ್ಯೂಟರಿನಲ್ಲಿ, ಎಡದ ಅರ್ಧ ಬಲೆಯನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಬಲಕ್ಕೆ ಮಗುಚಿದೆ. ಒಂದೇ ಆಜ್ಞೆ ಸಾಕಾಯಿತು. ನಡುಗೆರೆಯ ಮೇಲೆ ಎರಡೆರಡಾದ ಚುಕ್ಕಿಗಳನ್ನು ಒಂದು ಮಾಡಿದೆ, ಹೊಲಿಗೆ ಕಾಣದ ಹಾಗೆ. ಸಾಹೇಬರು ನೋಡಿ, “ಎಷ್ಟು ಸಮ ಬಂದದೆ” ಎಂದು ಬೆನ್ನು ತಟ್ಟಿದರು. ನಾನೂ ತಟ್ಟಿಸಿಕೊಂಡೆ.

ಆ ನಕ್ಷೆಯ ದೋಣಿ ಮೊದಲ ದಿನವೇ, ಬಲೆ ಎಳೆಯುವಾಗ, ಬಲಕ್ಕೆ ವಾಲಿ ನೀರು ತುಂಬಿಕೊಂಡಿತು. ಜನ ಹೇಗೋ ದಡ ಸೇರಿದರು. ಸಂಘದ ಸಭೆಯಲ್ಲಿ ಎಲ್ಲರೂ ನಿಮ್ಮ ಕಡೆ ತಿರುಗಿದರು — ಮೇಸ್ತ್ರಿಯ ದೋಣಿಯ ಅಳತೆಯೇ ಸರಿ ಇಲ್ಲ ಎಂದು.

“ಇದು ನನ್ನ ದೋಣಿ ಅಲ್ಲ,” ಎಂದಿರಿ. “ನಂದು ಬಲಕ್ಕೆ ಉಬ್ಬು ಅದೆ.”

ಹೋಗಿ ನೋಡೋಣವೆಂದರೆ, ನಿಮ್ಮ ದೋಣಿ ಅಷ್ಟರಲ್ಲಿ ಮಾರಾಟವಾಗಿ ಮಲ್ಪೆ ಸೇರಿತ್ತು. ಸಾಹೇಬರು ನನ್ನನ್ನು ಕೇಳಿದರು, “ಎರಡೂ ಬದಿ ಅಳದಿದ್ಯಲ್ಲ?”

“ಅಳದಿದ್ದೆ ಸಾರ್.”

ನೀವು ನನ್ನನ್ನೇ ನೋಡಿದಿರಿ. ಬೈಯಲಿಲ್ಲ. “ಹೌದಾ ತಮಾ” ಎಂದಷ್ಟೇ ಹೇಳಿ ಎದ್ದು ಹೋದಿರಿ. ಐದು ದೋಣಿಗಳೂ ಬೇರೆಯವರ ಪಾಲಾದವು. ಆಮೇಲೆ ನಿಮ್ಮಲ್ಲಿಗೆ ದೋಣಿ ಕೇಳಿಕೊಂಡು ಯಾರೂ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ — ಇಲ್ಲ, ಮುಗಿಯಲಿಲ್ಲ. ಮುಂದಿನ ವಾರ ಚಾದಂಗಡಿಯಲ್ಲಿ ನಿಮ್ಮ ಅಣಕ ಮಾಡಿದೆ. ಬೀಡಿ ಕಚ್ಚಿಕೊಂಡು, ಬಲಕ್ಕೆ ವಾಲಿ ವಾಲಿ ನಡೆಯುವ ಸುಬ್ರಾಯ ಮೇಸ್ತ್ರಿ. ಜನ ನಕ್ಕು ಚಾ ಚೆಲ್ಲಿಕೊಂಡರು. ತಿರುಗಿದರೆ ಬಾಗಿಲಲ್ಲಿ ನೀವು. ಆಗಲೂ ಅರ್ಧಕ್ಕೆ ನಿಲ್ಲಿಸಲಿಲ್ಲ, ಮೇಸ್ತ್ರಿಗಳೇ. ಪೂರ್ತಿ ಮಾಡಿ ಮುಗಿಸಿದೆ.

ಹೋದ ತಿಂಗಳು ಸಾಹೇಬರಿಗೆ ನಿಜ ಹೇಳಿದೆ. “ಕಂಪ್ಯೂಟರಿಂದೇ ತಪ್ಪು ಅಂದ್ರಾತು. ಅದಕ್ಕೆಂತ ಬಾಯಿ ಅದ್ಯಾ?” ಎಂದರು. ನಾನು ಹಾಗೆ ಹೇಳುವುದಿಲ್ಲ. ನಾನು ಕೊಟ್ಟದ್ದನ್ನು ಅದು ಕೊಟ್ಟ ಹಾಗೇ ತೋರಿಸಿತು. ಬಿಸಿಲಿತ್ತು, ಬಸ್ಸಿತ್ತು, ಪ್ರಾಯ ಚಿಕ್ಕದಿತ್ತು ಎಂದು ಯಾರಾದರೂ ನನ್ನ ಪರ ವಕಾಲತ್ತಿಗೆ ಬಂದರೆ ಅವರ ಮೇಲೇ ಹರಿಹಾಯುತ್ತೇನೆ.

ಮಲ್ಪೆಗೆ ಹೋಗಿದ್ದೆ. ಮಳೆಗಾಲಕ್ಕೆಂದು ದೋಣಿಯನ್ನು ದಡಕ್ಕೆ ಎಳೆದಿಟ್ಟಿದ್ದರು. ಎರಡು ದಿನ ನಿಂತು ಬಲ ಮಗ್ಗಲು ಅಳೆದೆ. ಬಂದು ಪರದೆಯ ಮೇಲೆ ಬಲದ ಚುಕ್ಕಿಗಳನ್ನು ಒಂದೊಂದಾಗಿ ಹಿಡಿದು ಅವುಗಳ ಜಾಗಕ್ಕೆ ಸರಿಸಿದೆ. ಬಲೆ ಒಂದು ಬದಿಗೆ ಉಬ್ಬಿ ಓರೆಯಾಯಿತು. ಸಾಹೇಬರ ಕಣ್ಣಿಗೆ ಅದು ಚಂದವಿಲ್ಲ. ನಿಮ್ಮ ದೋಣಿ ಇರುವುದು ಹಾಗೆಯೇ.

ನೀವೀಗ ಮಂಕಿಯಲ್ಲಿ ಬಾಗಿಲು ಚೌಕಟ್ಟು ಮಾಡಿಕೊಂಡಿದ್ದೀರಂತೆ. ಕ್ಷಮೆ ಕೇಳಲು ಅಲ್ಲಿಗೆ ಬರುವುದಿಲ್ಲ. ನೀವು “ಹೋಗ್ಲಿ ಬಿಡು ತಮಾ” ಎಂದುಬಿಡುತ್ತೀರಿ, ನಾನು ಅಗ್ಗಕ್ಕೆ ಪಾರಾಗುತ್ತೇನೆ. ಬರುವ ಶುಕ್ರವಾರ ಸಂಘದ ಸಭೆ. ಎರಡೂ ನಕ್ಷೆಗಳನ್ನು ಗೋಡೆಗೆ ಹಚ್ಚಿ, ಸುಳ್ಳು ಯಾವುದು, ಅದನ್ನು ಹೇಳಿದವನು ಯಾರು ಎಂದು ಅಲ್ಲೇ ಹೇಳುತ್ತೇನೆ. ಸಭೆಗೆ ಹೋದರೆ ಕೆಲಸವಿಲ್ಲ ಎಂದಿದ್ದಾರೆ ಸಾಹೇಬರು. ಆಫೀಸಿನ ಕೀಲಿಕೈಯನ್ನು ಇವತ್ತೇ ಅವರ ಮೇಜಿನ ಮೇಲಿಟ್ಟು ಬಂದೆ.

ನೀವು ಬರಲೇಬೇಕೆಂದಿಲ್ಲ. ಬಂದರೆ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ — ಮತ್ತೆ ಈ ಸಲ, ನಾನು ಹೇಳಿ ಮುಗಿಸುವ ತನಕ, ಎದ್ದು ಹೋಗಬೇಡಿ.