ಮಸ್ಕತ್ತಿನ ಗುಡ್ಡದಲ್ಲಿ ಬಾದಾಮಿಯ ರೊಟ್ಟಿ

ಮಸ್ಕತ್ತಿನಾಚೆಯ ಬೋಳುಗುಡ್ಡದಲ್ಲಿ ಶುಕ್ರವಾರದ ರಜೆಗೆಂದು ಡೇರೆ ಹೊಡೆದಿದ್ದೇವೆ: ನಾನು, ಹುನಗುಂದದ ಈರಣ್ಣ, ನಮ್ಮ ಇಂಗ್ಲಿಷ್ ಎಂಜಿನಿಯರ್ ಪೀಟರ್. ಬಂಡೆ ಹತ್ತುವ ಹುಚ್ಚಿನ ಪೀಟರ್ ಹೋದ ವಾರವಷ್ಟೇ ನನ್ನ ಬಾದಾಮಿಗೆ ಹೋಗಿ ಬಂದಿದ್ದಾನೆ. ನನಗೆ ಎರಡು ವರ್ಷದಿಂದ ಊರಿಗೆ ಹೋಗಲು ರಜೆ ಸಿಕ್ಕಿಲ್ಲ. ಚಿಕ್ಕಂದಿನಲ್ಲಿ ಅವ್ವ ನನ್ನನ್ನು ಹತ್ತಗೊಡದ ಬಂಡೆಗಳನ್ನೆಲ್ಲ ಅವನು ಹತ್ತಿದ ಕತೆ ಕೇಳಿ ನನ್ನ ಹೊಟ್ಟೆ ಉರಿಯಿತು.

"ಯಾಕಲೇ, ಮಾರಿ ಗಂಟ ಹಾಕ್ಕೊಂಡಿ?" ಎಂದ ಈರಣ್ಣ.

ಪೀಟರ್ ಚೀಲ ಬಿಚ್ಚಿದ. ಬನಶಂಕರಿ ಗುಡಿಯ ಮುಂದೆ ಬುಟ್ಟಿಯಲ್ಲಿ ಊಟ ಮಾರುವ ಮುದುಕಿ, ದೂರದ ಹಾದಿಗೆಂದು ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನಾನು ಕೈ ಚಾಚಲಿಲ್ಲ. ಅವಳಿಂದ ಕಲಿತ ಒಂದೇ ಮಾತನ್ನು ಪೀಟರ್ ತಡವರಿಸುತ್ತ ಆಡಿದ: "ಉಣ್ಣೋ ನನ್ನಪ್ಪಾ."

ಎರಡು ವರ್ಷದಿಂದ ನನಗೆ ಯಾರೂ ಹಾಗೆ ಅಂದಿರಲಿಲ್ಲ. ಅವನಿಗೆ ಹೋದ ವಾರವೇ ಅಂದಿದ್ದರು.